ಧೂಳ ನಮಗ, ಡಾಳ ತುಲಾ

ಉದಗೀರಿನ ಬೇಳೆ ಮಿಲ್ಲಿನಲ್ಲಿ ಮೂಗಿಗೆ ಸೆರಗು ಕಟ್ಟಿಕೊಂಡರೂ ಧೂಳು ಗಂಟಲಿಗೆ ಇಳಿಯುತ್ತದೆ. ಬೇಳೆ ಆರಿಸುವ ಹೆಂಗಸರು ಕೆಮ್ಮುತ್ತಲೇ ದುಡಿಯುತ್ತಾರೆ, ಕೆಮ್ಮುತ್ತಲೇ ಹಾಡುತ್ತಾರೆ. ಅವರಲ್ಲಿ ಮುಕ್ತಾಬಾಯಿಯ ಗಂಟಲು ಮಿಲ್ಲಿನ ಸದ್ದಿಗಿಂತ ಜೋರು. ಗಡಿಯೂರು ಔರಾದ ಶಹಾಜನಿಯಲ್ಲಿ ಹುಟ್ಟಿದವಳು. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ಮರಾಠಿ, ಸಿಟ್ಟು ಬಂದರೆ ಎರಡೂ. ಅವಳು ಕಟ್ಟಿದ ಹಾಡೂ ಹಾಗೇ ಇತ್ತು.

ಧೂಳ ನಮಗ, ಡಾಳ ತುಲಾ,
ಕೆಮ್ಮ ನಮಗ, ಖುರ್ಚಿ ತುಲಾ.

ಡಾಳ ಅಂದರೆ ಬೇಳೆ, ತುಲಾ ಅಂದರೆ ನಿನಗೆ. ಯಾರಿಗೆ ಎಂದು ಮಿಲ್ಲಿನಲ್ಲಿ ಯಾರೂ ಕೇಳಲಿಲ್ಲ.

ಆ ವರ್ಷದ ‘ಊರಿನ ಗೀತೆ’ ಪ್ರಶಸ್ತಿಗೆ ಗೆಳತಿ ಮಾಳಮ್ಮ ಅದನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಕಳಿಸಿದ್ದಳು. ಮಿಲ್ಲಿನಲ್ಲಿ ಎಲ್ಲರಿಗೂ ‘ಏ ಬಾಯಿ’ ಒಂದೇ ಹೆಸರು. ಹಾಡಿನ ಮುಂದೆ ತನ್ನ ಹೆಸರನ್ನು ಒಮ್ಮೆ ಮೈಕಿನಲ್ಲಿ ಕೇಳಬೇಕೆಂಬುದು ಮುಕ್ತಾಬಾಯಿಯ ಆಸೆ.

ಪ್ರಶಸ್ತಿಯ ದಿನ ಮಾಳಮ್ಮ ಮತ್ತು ಮಿಲ್ಲಿನ ಹೆಂಗಸರ ಜೊತೆ ಬಂದ ಮುಕ್ತಾಬಾಯಿಯನ್ನು ಪ್ರಶಸ್ತಿ ಸಮಿತಿಯ ಪಂಡಿತ ಮಾಸ್ತರ ಸಭಾಗೃಹದ ಬಾಗಿಲಲ್ಲೇ ತಡೆದರು.

“ನಿಮ್ಮ ಹಾಡು ಅಜಿಬಾತ ನಡಿಯಂಗಿಲ್ಲ ಬಾಯಿ. ಎಐ ಮಷಿನ್ ಬರದ ಹಾಡಿಗಿ ಪ್ರಶಸ್ತಿ ಇಲ್ಲಂತ ನಿಯಮ ಆಗ್ಯಾದ.”

“ಮಷಿನ್ ಯಾಕ ಬರೀತದ್ರಿ? ನಾ ಕಟ್ಟೀನಿ.”

“ಕಂಪ್ಯೂಟರಿನಾಗ ಹಾಕಿ ನೋಡೀವಿ. ಅರ್ಧ ಕನ್ನಡ, ಅರ್ಧ ಮರಾಠಿ. ಮನಷ್ಯಾರು ಹಿಂಗ ಬರಿಯಂಗಿಲ್ಲಂತ ಹೇಳ್ತದ.”

“ಅಜಿಬಾತ ಮರಾಠಿ, ನಡಿಯಂಗಿಲ್ಲ ಕನ್ನಡ. ನೀವೂ ಮಷಿನ್ನೇ ಏನ್ರೀ ಮಾಸ್ತರ?”

ಮಾಸ್ತರ ಕೆಂಡವಾದರು. ಒಳಗೆ ಚಪ್ಪಾಳೆ ಬಿತ್ತು. ಪ್ರಶಸ್ತಿ ಮಿಲ್ಲಿನ ಮಾಲೀಕ ವೈಜಿನಾಥ ಶೇಟಜಿಗೆ. ಸಮಾರಂಭದ ಖರ್ಚೂ ಅವರದೇ. ಕೊಡುವವರೂ ಅವರೇ, ತಗೊಳ್ಳುವವರೂ ಅವರೇ.

“ಶೇಟಜಿ ಮೊಬೈಲಿಗಿ ಹೇಳಿ ಹಾಡ ಬರಸ್ಯಾರ,” ಎಂದಳು ಮಾಳಮ್ಮ. “ಆಫೀಸಿಗಿ ಚಾ ಒಯ್ದಾಗ ನಾನೇ ನೋಡೀನಿ.”

“ಅದು ಬ್ಯಾರೆ,” ಎಂದರು ಮಾಸ್ತರ. “ ಆಮ್ಯಾಲೆ ಕೈಲೆ ನಾಕು ಶಬ್ದ ತಿದ್ಯಾರ. ನಿಯಮದಾಗ ಕೂಡತದ.”

ಮುಕ್ತಾಬಾಯಿ ಮಾಸ್ತರರನ್ನು ಸರಿಸಿ ಸೀದಾ ಒಳನುಗ್ಗಿದಳು. ಹಿಂದೆ ಮಿಲ್ಲಿನ ಹೆಂಗಸರೆಲ್ಲ. ವೇದಿಕೆಯ ಕೆಳಗೆ ನಿಂತು ದನಿ ಎತ್ತಿದಳು. ಎರಡು ನುಡಿ ಹಳೆಯವು, ಮೂರನೆಯದು ಆಗಷ್ಟೇ ಹುಟ್ಟಿದ್ದು.

ಹಾಡ ನಮಗ, ಕದ್ದ ಹಾರ ತುಲಾ!

ಜನ ಮೊದಲು ನಕ್ಕರು. ಆಮೇಲೆ ತಾವೂ ದನಿಗೂಡಿಸಿದರು. ಶೇಟಜಿ ಕೊರಳ ಹಾರ ಕಿತ್ತೆಸೆದರು.

“ಯಾರು ಕಟ್ಟಿದ್ದಿದು? ಮಾಸ್ತರ, ಹೆಸರು ಬರಕೋರಿ. ಕೇಸ ಹಾಕ್ತೀನಿ!”

ಮಾಸ್ತರ ಓಡಿಬಂದು ವೇದಿಕೆ ಹತ್ತಿ ಪೆನ್ನು ತೆಗೆದರು.

“ಪ್ರಶಸ್ತಿ ಕೊಡೂದಿದ್ದಾಗ ಮಷಿನಿಂದು,” ಎಂದಳು ಮುಕ್ತಾಬಾಯಿ. “ಕೇಸ ಹಾಕೂದಿದ್ದಾಗ ನಂದೇನ್ರೀ?”

ಪೆನ್ನು ನಿಂತಿತು. ಅವಳು ಮೆಟ್ಟಿಲೇರಿ ಮಾಸ್ತರರ ಎದುರು ನಿಂತಳು.

“ಯಾಕ ನಿಂತ್ರಿ? ಬರೀರಿ. ಮುಕ್ತಾಬಾಯಿ. ನಾನೇ ಕಟ್ಟೀನಿ.”

“ಕೆಳಗ ಮಾಳಮ್ಮ ಅಂತ ಬರೀರಿ,” ಎನ್ನುತ್ತ ಗೆಳತಿ ಹಿಂದೆಯೇ ಬಂದಳು.

ಹೆಂಗಸರು ಒಬ್ಬೊಬ್ಬರಾಗಿ ಮೆಟ್ಟಿಲು ಹತ್ತಿ ತಮ್ಮ ತಮ್ಮ ಹೆಸರು ಹೇಳತೊಡಗಿದರು. ಮಾಸ್ತರರ ಮುಂದಿದ್ದ ಮೈಕು ಚಾಲೂ ಇತ್ತು.