ಆಡಿ ಹದಿನೆಂಟರ ಮುಂಗಡ

ವೇಲ್‌ಮಯಿಲ್‌ಗೆ ಲೆಕ್ಕ ಬರುತ್ತಿರಲಿಲ್ಲ. ಅದೇನು ದೊಡ್ಡ ತಪ್ಪಲ್ಲ. ಶಿವಕಾಶಿಯಲ್ಲಿ ಲೆಕ್ಕ ಬಾರದೆ ಪ್ರೆಸ್ ನಡೆಸಿದವರು ಎಷ್ಟೋ ಜನ ಇದ್ದಾರೆ, ಅವರೆಲ್ಲ ಬಲ್ಲವರ ಮಾತು ಕೇಳುತ್ತಾರೆ. ಇವನು ಕೇಳುವ ಪೈಕಿ ಅಲ್ಲ. ಅಣ್ಣ ತಂಗವೇಲು ತೀರಿಕೊಂಡ ಹದಿನೇಳನೆಯ ದಿನ ಅವನ ಕುರ್ಚಿಯಲ್ಲಿ ಕೂತು, ಮೇಜು ಎಟುಕುತ್ತಿಲ್ಲವೆಂದು ಕೆಳಗೊಂದು ರೀಮು ಕಾಗದ ಹಾಕಿಸಿಕೊಂಡವನು ಇವನು. ಅದೂ ದುಬಾರಿ ಆರ್ಟ್ ಪೇಪರು. ಅತ್ತಿಗೆ ಪೊನ್ಮಣಿ ಅವತ್ತೇ ಇವನ ಯೋಗ್ಯತೆಯನ್ನು ಅಳೆದುಬಿಟ್ಟಳು.

ಆ ಪ್ರೆಸ್ಸಿನ ಲೆಕ್ಕವನ್ನು ಪೊನ್ಮಣಿ ಇಪ್ಪತ್ತೆರಡು ವರ್ಷದಿಂದ ಬರೆಯುತ್ತಿದ್ದಳು. ಗಂಡ ತಂಗವೇಲು ಅವಳಿಗೆ ಬಿಟ್ಟುಹೋದದ್ದು ಪ್ರೆಸ್ಸಿನ ಅರ್ಧ ಪಾಲು ಮಾತ್ರ, ಅದು ಕೈತಪ್ಪಿದರೆ ಅವಳಿಗೆ ಬೇರೆ ಅನ್ನವಿಲ್ಲ. ಒಂದೊಂದು ಆರ್ಡರಿಗೂ ಒಂದು ನಂಬರು, ಒಂದೊಂದು ನಂಬರಿಗೂ ಕಂಪ್ಯೂಟರಿನಲ್ಲಿ ಒಂದು ಪುಟ: ಬಂದದ್ದೆಷ್ಟು, ಖರ್ಚೆಷ್ಟು, ಉಳಿದದ್ದೆಷ್ಟು. ಗಂಡ ಹೇಳಿಕೊಟ್ಟ ಪಾಠ ಒಂದೇ. ಗಿರಾಕಿ ಕೊಟ್ಟ ಮುಂಗಡ ನಮ್ಮದಲ್ಲ, ಅದು ಸಾಲ. ಸರಕು ಲಾರಿ ಹತ್ತಿದ ದಿನ ಅದು ಆದಾಯವಾಗುತ್ತದೆ, ಅಲ್ಲಿಯವರೆಗೆ ಅದನ್ನು ಬೇರೆಯವರ ಮಗುವಿನ ಹಾಗೆ ಜೋಪಾನವಾಗಿ ನೋಡಿಕೊಳ್ಳಬೇಕು.

ತಮಿಳರ ಆಡಿ ತಿಂಗಳ ಹದಿನೆಂಟು ಹಬ್ಬದ ದಿನ, ಅವತ್ತು ಊರಿನ ಪ್ರೆಸ್‌ಗಳಲ್ಲೆಲ್ಲ ಮುಂದಿನ ವರ್ಷದ ಕ್ಯಾಲೆಂಡರ್ ಮಾದರಿಗಳ ಆಲ್ಬಮ್ಮಿಗೆ ಪೂಜೆ. ಕರ್ಪೂರ ಆರುವ ಮುಂಚೆಯೇ ಗಿರಾಕಿಗಳು ವೀಳ್ಯದೆಲೆಯ ತಟ್ಟೆಯಲ್ಲಿ ಮುಂಗಡ ಇಟ್ಟು ಆರ್ಡರ್ ಕೊಡುತ್ತಾರೆ. ಆ ವರ್ಷ ಮದುರೆಯ ಒಡವೆ ಅಂಗಡಿಯವರ ಏಜೆಂಟ್ ನಲವತ್ತು ಸಾವಿರ ಕ್ಯಾಲೆಂಡರಿಗೆಂದು ನಾಲ್ಕು ಲಕ್ಷ ಇಟ್ಟ. ಪೊನ್ಮಣಿ ಅದನ್ನು ಲೆಕ್ಕಕ್ಕೆ ಏರಿಸುತ್ತಿರುವಾಗ ವೇಲ್‌ಮಯಿಲ್ ವಿಭೂತಿ ಹಣೆಯನ್ನು ತಂದು ಅವಳ ಕಂಪ್ಯೂಟರ್ ಪರದೆಗೆ ಇಣುಕಿದ.

"ಏನತ್ತಿಗೆ ಇದು, ನಾಲ್ಕು ಲಕ್ಷ ಸಾಲದ ಕಡೆ ಕೂತಿದೆ?"

"ಮುಂಗಡ ಅಲ್ವಾ ತಂಬಿ. ಇನ್ನೂ ಒಂದು ಹಾಳೆ ಅಚ್ಚಾಗಿಲ್ಲ. ಅವರಿಗೆ ನಾವು ಕ್ಯಾಲೆಂಡರ್ ಬಾಕಿ."

"ಆಡಿ ಹದಿನೆಂಟರ ದಿನ ಬಂದ ಲಕ್ಷ್ಮೀನ ಸಾಲ ಅಂತ ಬರೀತೀರಾ? ತಾತನ ಕಾಲದಿಂದ ಇವತ್ತಿನ ಮೊದಲ ಅಂಕಿ ಜಮಾ ಕಡೆಗೇ ಬೀಳಬೇಕು."

"ತಾತ ಬರೀತಿದ್ದದ್ದು ಶಾಸ್ತ್ರಕ್ಕೆ ಒಂದು ರೂಪಾಯಿ. ನಿಮ್ಮಣ್ಣನೂ ಅಷ್ಟೇ ಬರೀತಿದ್ರು."

"ಅದಕ್ಕೇ ಅಣ್ಣ ಕೊನೇವರೆಗೂ ಮೊಪೆಡ್ ಓಡಿಸಿದ್ದು," ಅಂದ ವೇಲ್‌ಮಯಿಲ್, ಏಜೆಂಟನ ಎದುರಿಗೇ. "ಆದಾಯಕ್ಕೆ ಹಾಕಿ. ಇವತ್ತು ಬರೋದೆಲ್ಲ ಆದಾಯಕ್ಕೇ."

ಸತ್ತವನ ಮೊಪೆಡ್ಡಿನ ಮಾತು ಅವಳ ಎದೆಗೆ ಮುಳ್ಳಿನಂತೆ ಚುಚ್ಚಿತು. ಪೂಜೆಯ ದಿನ ಜಗಳ ಬೇಡವೆಂದು ಅವನು ಹೇಳಿದಂತೆಯೇ ಹಾಕಿದಳು. ಸಂಜೆಯ ಹೊತ್ತಿಗೆ ಎಲ್ಲ ಗಿರಾಕಿಗಳ ಮುಂಗಡ ಸೇರಿ ಹತ್ತೊಂಬತ್ತು ಲಕ್ಷವಾಗಿತ್ತು.

ಇನ್ನು ವರದಿಯ ಚಂದ ಕೇಳಬೇಕೆ. ಮದುರೆಯ ಆರ್ಡರ್: ಬಂದದ್ದು ನಾಲ್ಕು ಲಕ್ಷ, ಖರ್ಚು ಸೊನ್ನೆ, ಲಾಭ ನಾಲ್ಕು ಲಕ್ಷ. ಕಾಗದ ಕೊಳ್ಳದಿದ್ದರೆ, ಶಾಯಿ ಕೊಳ್ಳದಿದ್ದರೆ, ಕೆಲಸವನ್ನೇ ಮಾಡದಿದ್ದರೆ ಎಂಥ ಪೆದ್ದನಿಗೂ ಇಂಥ ಲಾಭ ಬರುತ್ತದೆ. ವೇಲ್‌ಮಯಿಲ್ ಆ ವರದಿಯನ್ನು ನಾಲ್ಕು ಬಣ್ಣದಲ್ಲಿ ಅಚ್ಚು ಹಾಕಿಸಿ ಕನ್ನಡಿ ಹಾಕಿಸಿ ಗೋಡೆಗೆ ತೂಗಿಸಿದ. ಆಮೇಲೆ ಆ ಮುಂಗಡದ ದುಡ್ಡಿನಲ್ಲೇ ಹದಿನಾರು ಲಕ್ಷದ ಬಿಳಿ ಕಾರು ಬಂತು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದವರನ್ನು ನೋಡಿದ್ದೇವೆ. ಕೂಸಿನ ತಾಯಿಯ ತಾಳಿ ಮಾರಿ ಕುಲಾವಿ ಹೊಲಿಸಿದವನು ಇವನೊಬ್ಬನೇ.

ಪೊನ್ಮಣಿ ನೋಡಿಕೊಳ್ಳುತ್ತಿದ್ದ ಬೆಂಕಿಪೆಟ್ಟಿಗೆ ಲೇಬಲ್ಲಿನ ಕೆಲಸದ ಕಥೆ ಇದಕ್ಕೆ ತಿರುಗುಮುರುಗು. ಅಲ್ಲಿ ಮುಂಗಡದ ಪದ್ಧತಿಯೇ ಇಲ್ಲ. ಮೊದಲು ಕಾಗದ ತಂದು ಅಚ್ಚು ಹಾಕಿ ಕೊಡಬೇಕು, ಮೂರು ತಿಂಗಳಾದ ಮೇಲೆ ದುಡ್ಡು. ಹಾಗಾಗಿ ವರದಿಯಲ್ಲಿ ಅದು ಬರೀ ಖರ್ಚು, ಬರೀ ನಷ್ಟ.

"ನಾನು ದುಡಿದು ತರೋದು, ನಿಮ್ಮ ಲೇಬಲ್ ತಿನ್ನೋದು," ಅನ್ನತೊಡಗಿದ ವೇಲ್‌ಮಯಿಲ್. ಆಡಿ ಮುಗಿದು ಆವಣಿ ತಿಂಗಳು ಹುಟ್ಟುತ್ತಲೇ ಪಾಲಾಗಬೇಕೆಂದ.

ಕಾಗದದ ಮಂಡಿಯ ತವಸಿಕನಿ ಅಣ್ಣಾಚಿ ಇಬ್ಬರಿಗೂ ಹಿರಿಯರು. ಅವರ ಮಂಡಿಯ ಹಿಂಬದಿಯಲ್ಲಿ ಮಾತು ನಡೆಯಿತು. ವೇಲ್‌ಮಯಿಲ್ ಗೋಡೆಯಿಂದ ಇಳಿಸಿ ತಂದ ವರದಿಯನ್ನು ಅವರ ಮುಂದಿಟ್ಟ.

"ಲಾಭದ ಕೆಲಸ ನನ್ನದು, ನಷ್ಟದ್ದು ಅತ್ತಿಗೇದು. ಕ್ಯಾಲೆಂಡರ್ ಆರ್ಡರೆಲ್ಲ ನನಗೆ, ಅದರ ಹತ್ತೊಂಬತ್ತು ಲಕ್ಷ ನನಗೆ, ಕಾರೂ ಹೊಸ ಮಿಷನ್ನೂ ನನಗೆ. ಲೇಬಲ್ಲು, ಹಳೇ ಮಿಷನ್ನು ಅವರಿಗೆ. ಸಾಲ ಅಂತ ನಮಗೆ ಒಂದು ಪೈಸೆ ಇಲ್ಲ, ನೋಡಿ."

ಪೊನ್ಮಣಿ ಬಾಯಿ ಮುಚ್ಚಿಕೊಂಡು ಸಹಿ ಹಾಕಬಹುದಿತ್ತು. ಆದರೆ ತಪ್ಪು ಲೆಕ್ಕವನ್ನು ಕಂಡೂ ಸುಮ್ಮನಿರುವುದು ಅವಳಿಗೆ ಗೊತ್ತಿರಲಿಲ್ಲ.

"ತಂಬಿ, ಕೊನೇ ಸಲ ಹೇಳ್ತೀನಿ. ಅದು ಲಾಭ ಅಲ್ಲ, ಗಿರಾಕಿಗಳ ದುಡ್ಡು. ಅಷ್ಟಕ್ಕೂ ನೀನು ಕ್ಯಾಲೆಂಡರ್ ಮಾಡಿ ಕೊಡಬೇಕು. ದುಡ್ಡು ಆಗಲೇ ಕಾರಾಗಿ ಹೋಗಿದೆ."

"ನೋಡಿದ್ರಾ ಅಣ್ಣಾಚಿ? ಲಾಭ ನನಗೆ ಬಂತಲ್ಲ, ಈಗ ಅದು ಸಾಲ ಆಗೋಯ್ತು ಇವರಿಗೆ. ಮುಂಡೆ ಬುದ್ಧಿ."

ಮಂಡಿಯಲ್ಲಿ ಮೂಟೆ ಹೊರುತ್ತಿದ್ದವರೂ ಒಂದು ಗಳಿಗೆ ನಿಂತರು. ಅಣ್ಣಾಚಿ ಕನ್ನಡಕ ತೆಗೆದು ಒರೆಸಿಕೊಂಡರು. ಕ್ಯಾಲೆಂಡರಿಗೆ ಎಷ್ಟು ಕಾಗದ ಬೇಕೆಂದು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

"ಕಾಗದ ಎಲ್ಲಿಂದ ತರ್ತೀಯಪ್ಪಾ?"

"ನಿಮ್ಮ ಹತ್ರಾನೇ ಅಣ್ಣಾಚಿ. ಕಡ ಕೊಡೋದು ಮಾಮೂಲಿ ತಾನೆ?"

"ಮಾಮೂಲು ನಿಮ್ಮಣ್ಣನ ಜೊತೆ ಇತ್ತು," ಅಂದರು ಅಣ್ಣಾಚಿ. "ನೀನು ಹೇಳಿದ ಹಾಗೇ ಬರೀಲಾ?"

"ಹಾಗೇ ಬರೀರಿ."

ಹಾಗೇ ಬರೆದರು. ಪೊನ್ಮಣಿ ಸಹಿ ಹಾಕಿ ಎದ್ದಳು. ಬೀದಿಗೆ ಬಂದ ಮೇಲೆ ಅವಳಿಗೆ ಅಳು ಬಂತು, ಆ ಒಂದು ಮಾತಿಗೆ. ಪಾಲಿನ ಬಗ್ಗೆ ಅವಳಿಗೆ ಚಿಂತೆಯಿರಲಿಲ್ಲ.

ಎರಡು ತಿಂಗಳು ಕಳೆದು ಐಪ್ಪಸಿ ಬರುವ ಹೊತ್ತಿಗೆ ಪೊನ್ಮಣಿಗೆ ಲೇಬಲ್ಲಿನ ಹನ್ನೊಂದು ಲಕ್ಷ ವಸೂಲಾಯಿತು. ವೇಲ್‌ಮಯಿಲ್‌ಗೆ ಅಣ್ಣಾಚಿಯ ಮಂಡಿ ಒಂದು ರೀಮನ್ನೂ ಕಡ ಕೊಡಲಿಲ್ಲ, ಬೇರೆ ಮಂಡಿಗಳವರು ಅಣ್ಣಾಚಿಯ ಮುಖ ನೋಡಿ ತಾವೂ ಕೊಡಲಿಲ್ಲ. ಹೊಸ ಮಿಷನ್ನು ಹೊದಿಕೆ ಹೊದ್ದು ಮಲಗಿತ್ತು. ಸಣ್ಣ ಗಿರಾಕಿಗಳು ಫೋನಿನಲ್ಲೇ ಬೈಯುತ್ತಿದ್ದರು. ಮದುರೆಯ ಏಜೆಂಟ್ ಮಾತ್ರ ಖುದ್ದಾಗಿ ಬಂದು, ಕ್ಯಾಲೆಂಡರ್ ಕೊಡದೆ ಊರು ಬಿಡುವುದಿಲ್ಲವೆಂದು ಆಫೀಸಿನಲ್ಲೇ ಕೂತುಬಿಟ್ಟ.

ಒಂದು ಶುಕ್ರವಾರ ವೇಲ್‌ಮಯಿಲ್ ಪೊನ್ಮಣಿಯ ಲೇಬಲ್ ಶೆಡ್ಡಿಗೆ ನಡೆದು ಬಂದ. ಕಾರು ಎರಡು ದಿನದ ಹಿಂದೆ ಮಾರಾಟವಾಗಿತ್ತು. ಶರಟಿನ ಕಂಕುಳಲ್ಲಿ ಬೆವರು, ಕೈಯಲ್ಲಿ ಹಳದಿ ಚೀಲ.

"ಅತ್ತಿಗೆ, ಮದುರೇದು ನೀವೇ ಅಚ್ಚು ಹಾಕಿಕೊಡಿ. ನಿಮಗಾದ್ರೆ ಅಣ್ಣಾಚಿ ಕಾಗದ ಕೊಡ್ತಾರೆ."

ಅವನು ನಿಂತೇ ಇದ್ದ. ಕೂರು ಅನ್ನಲು ಅವಳಿಗೆ ಮನಸ್ಸಾಗಲಿಲ್ಲ.

"ಅವತ್ತು ಮಂಡೀಲಿ ಆಡಿದ್ದು ತಪ್ಪು," ಅಂದ, ನೆಲ ನೋಡಿಕೊಂಡು.

"ತಪ್ಪು ಲೆಕ್ಕದಲ್ಲಾದ್ರೆ ತಿದ್ದಬಹುದು," ಅಂದಳು ಪೊನ್ಮಣಿ. "ಒಂಬತ್ತೂವರೆ ಲಕ್ಷ ಆಗುತ್ತೆ. ನಾಲ್ಕು ಲಕ್ಷ ಮುಂಗಡ."

ಅವನು ಚೀಲ ಬಿಚ್ಚಿದ. ಅವಳು ಎರಡು ಸಲ ಎಣಿಸಿ, ಹೊಸ ನಂಬರು ತೆರೆದು, ಅಂಕಿ ಏರಿಸಿದಳು. ಅಷ್ಟಾದರೂ ಅವನು ಹೋಗಲಿಲ್ಲ. ಮೇಜನ್ನು ಸುತ್ತಿ ಬಂದು, ಆಡಿ ಹದಿನೆಂಟರಂದು ಇಣುಕಿದ ಹಾಗೆಯೇ ಪರದೆಗೆ ಇಣುಕಿದ.

"ಅತ್ತಿಗೆ, ತಪ್ಪು ತಿಳೀಬೇಡಿ. ನನ್ನ ದುಡ್ಡನ್ನ ಸಾಲದ ಕಡೇನೇ ಹಾಕಿದ್ದೀರಿ ತಾನೆ?"

ಪೊನ್ಮಣಿ ಪರದೆಯನ್ನು ಅವನ ಕಡೆ ತಿರುಗಿಸಿದಳು. ಅವನು ಬೆರಳಿಟ್ಟು ಓದಿ, ಸಮಾಧಾನವಾಗಿ, ಒಂದು ರಸೀದಿಯನ್ನೂ ಕೇಳಿದ.