ಗುರುಬಸಮ್ಮನ ಚೀಟಿಗಳು

ಸುವರ್ಣ ಪೊರಕೆಯಿಂದ ಒಂದು ಕಡ್ಡಿ ಮುರಿದುಕೊಂಡು, ಸೋದರತ್ತೆ ಗುರುಬಸಮ್ಮನ ಎಡಗೈಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡು, ಉಗುರಿನ ಸಂದಿಯಲ್ಲಿ ಒಣಗಿ ಕೂತಿದ್ದ ಮೈದಾ ಅಂಟನ್ನು ಬಿಡಿಸುತ್ತಿದ್ದಳು. ಪಕ್ಕದಲ್ಲಿ ಅವಳ ಅವ್ವ ಮಾದೇವಮ್ಮ ಹಂಡೆಯಿಂದ ಬಿಸಿನೀರು ತೋಡಿ ತೋಡಿ ಹೊಯ್ಯುತ್ತಿದ್ದಳು. ಇನ್ನು ಸ್ವಲ್ಪ ಹೊತ್ತಿಗೆ ಆ ಅಂಗೈಯಲ್ಲಿ ಲಿಂಗ ಇಡಬೇಕಿತ್ತು. ಕೈ ಚೊಕ್ಕಟವಾಗಿರಲಿ ಎಂದು ಅಯ್ಯನೋರು ಹೇಳಿ ಕಳಿಸಿದ್ದರು. ಎಲ್ಲ ಬೆರಳೂ ಆದವು, ಕಿರುಬೆರಳಿನದು ಮಾತ್ರ ಹಟ ಹಿಡಿದಿತ್ತು. ಸುವರ್ಣ ಅದಕ್ಕೆ ನೀರು ಹನಿಸಿ ನೆನೆಯಲು ಬಿಟ್ಟಳು. ಆ ಅಂಟು ಕಾಯಿಸಿದ್ದು ಯಾವಾಗ ಎಂಬುದು ಅವಳಿಗೆ ಗೊತ್ತಿತ್ತು. ನಿನ್ನೆ ಮಧ್ಯಾಹ್ನ, ರೇಷ್ಮೆ ಹುಳಕ್ಕೆ ಸೊಪ್ಪು ಹಾಕಿ ಕೈ ತೊಳೆದ ಮೇಲೆ. ಸಾಯಂಕಾಲ ಎದೆ ಹಿಡಿದುಕೊಂಡು ಕೂತ ಅತ್ತೆ ಮತ್ತೆ ಏಳಲಿಲ್ಲ.

ಗುರುಬಸಮ್ಮನಿಗೆ ಹಣೆ ತುಂಬ ವಿಭೂತಿ ಬಳಿದು, ಬಿಳಿ ಸೀರೆ ಉಡಿಸಿ, ನಡುಮನೆಯ ಗೋಡೆಗೆ ಒರಗಿಸಿ ಕೂರಿಸಿದರು. ಕೂತಿದ್ದ ರೀತಿ ನೋಡಿದರೆ ಯಾರದೋ ಮಾತು ಕೇಳಿಸಿಕೊಳ್ಳುತ್ತಿದ್ದಾಳೆ ಎನ್ನಬೇಕು.

ಸಾವಿನ ಮನೆಯೆಂದು ಹುಳಗಳು ಹಸಿವು ತಡೆಯುವುದಿಲ್ಲ. ಅವು ನಾಲ್ಕನೇ ಜ್ವರ ಕಳೆದು, ಪೊರೆ ಬಿಟ್ಟು ಎದ್ದಿದ್ದವು, ಹಾಕಿದಷ್ಟೂ ತಿನ್ನುವ ದಿನಗಳು. ಸುವರ್ಣ ಹುಳದ ಕೋಣೆಗೆ ಹೋಗಿ ತಟ್ಟೆಗಳಿಗೆ ಹಿಪ್ಪುನೇರಳೆ ಸೊಪ್ಪು ಹರಡತೊಡಗಿದಳು. ಗೋಡೆಯಾಚೆ ಜಗಲಿಯಲ್ಲಿ ಕೂತವರ ಮಾತು ಕಿಟಕಿಯಿಂದ ಒಳಗೆ ಬರುತ್ತಿತ್ತು.

“ಗಂಡ ಮೂರ್ ವರ್ಷಕ್ಕ ಸತ್ತೋದ, ಮಕ್ಕ ಇಲ್ಲ,” ಎಂದ ಎದುರುಮನೆಯ ಸದಾಶಿವಪ್ಪ. “ತಮ್ಮನ ಮನೇಲಿ ಹುಳ ಸಾಕಂಡು, ಪುಸ್ತಕಕ್ಕ ತೇಪೆ ಹಾಕಂಡು ಕಾಲ ಕಳುದ್ಲು. ಪಾಪ.”

“ಹರಿದಿದ್ರ ತೇಪೆ ಹಾಕ್ಬೇಕು. ಹರೀದಿದ್ಕೂ ಹಾಕ್ತಿದ್ಲಲ್ಲಪ್ಪ ಅವ,” ಎಂದ ಇನ್ನೊಬ್ಬ. ಸಾವಿನ ಮನೆಯಾದ್ದರಿಂದ ನಗು ಮೂಗಿನಲ್ಲೇ ಮುಗಿಯಿತು.

ಸುವರ್ಣ ಕೈಯಲ್ಲಿದ್ದ ಸೊಪ್ಪನ್ನು ಒಂದೇ ಕಡೆ ಗುಡ್ಡೆ ಹಾಕಿದಳು. ಆಮೇಲೆ ಹುಳದ ತಪ್ಪೇನು ಎನ್ನಿಸಿ ಮತ್ತೆ ಬಿಡಿಸಿ ಹರಡಿದಳು. ಅವಳ ಬಾಯಲ್ಲಿ ಉತ್ತರ ಇತ್ತು. ಹದಿನೆಂಟು ವರ್ಷದ ಹುಡುಗಿ ಜಗಲಿಗೆ ಹೋಗಿ ಉತ್ತರ ಕೊಡುವ ರೂಢಿ ಆ ಮನೆಯಲ್ಲಿರಲಿಲ್ಲ.

❖

ಗುರುಬಸಮ್ಮ ಓದಿದ್ದು ಕೊಳ್ಳೇಗಾಲದಲ್ಲಿ, ಸೋದರಮಾವನ ಮನೆಯಲ್ಲಿದ್ದುಕೊಂಡು, ತಮಿಳು ಪಾಠದ ಸ್ಕೂಲಿನಲ್ಲಿ. ಆಗ ಈ ಸೀಮೆಯೆಲ್ಲ ಮದರಾಸಿಗೆ ಸೇರಿತ್ತು. ಕನ್ನಡವನ್ನು ಮನೆಯಲ್ಲಿ ಮಾವನೇ ಕಲಿಸಿದ. ಐವತ್ತಾರರಲ್ಲಿ ಊರುಗಳು ಮೈಸೂರಿಗೆ ಸೇರಿದಾಗ, ಇನ್ನು ನಿನ್ನ ತಮಿಳನ್ನು ಉಪ್ಪಿನಕಾಯಿ ಹಾಕಿಕೋ ಎಂದು ಎಲ್ಲರೂ ಅವಳನ್ನು ಛೇಡಿಸಿದರು. ಅವಳು ಹಾಗೇ ಹಾಕಿಟ್ಟಳೆಂದು ಕಾಣುತ್ತದೆ, ಬಹಳ ವರ್ಷ ಕೆಡದೆ ಉಳಿಯಿತು.

ಸುವರ್ಣ ನಾಲ್ಕನೇ ಕ್ಲಾಸಿಗೆ ಸ್ಕೂಲು ಬಿಟ್ಟಳು. ಹುಳದ ಮನೆಗೆ ಕೈ ಬೇಕಾಗಿತ್ತು. ಆ ಬೀದಿಯಲ್ಲಿ ಹಾಗೆ ಬಿಟ್ಟ ಹುಡುಗಿಯರು ಅವಳೂ ಸೇರಿ ಆರು ಜನ. ಎರಡು ವರ್ಷದಲ್ಲಿ ಅಕ್ಷರ ಮರೆತು ಬಸ್ಸಿನ ಬೋರ್ಡಿಗೂ ಇನ್ನೊಬ್ಬರ ಮುಖ ನೋಡುವಂತಾಯಿತು. ಅದನ್ನು ಅತ್ತೆ ಒಂದು ದಿನ ನೋಡಿದಳು. ಸತ್ಯಮಂಗಲದ ಕಡೆಯಿಂದ ಬರುವ ಲಾರಿಯವರು ಓದಿ ಬಿಸಾಕುತ್ತಿದ್ದ ತಮಿಳು ಚಿತ್ರಕತೆ ಪುಸ್ತಕಗಳನ್ನು ಕೇಳಿ ತರಿಸಿಕೊಂಡಳು. ಚಿತ್ರದಲ್ಲಿರುವವರ ಬಾಯಿಂದ ಹೊರಟ ಗುಳ್ಳೆಯಲ್ಲಿ ಅವರ ಮಾತು ಅಚ್ಚಾಗಿರುತ್ತದೆಯಲ್ಲ, ಆ ಗುಳ್ಳೆಯ ಅಳತೆಗೆ ಸರಿಯಾಗಿ ಬಿಳಿ ಕಾಗದ ಕತ್ತರಿಸಿ, ದುಂಡನೆ ಅಕ್ಷರದಲ್ಲಿ ಅದೇ ಮಾತನ್ನು ಕನ್ನಡದಲ್ಲಿ ಬರೆದು, ಮೇಲೆ ಅಂಟಿಸಿದಳು. ಒಂದು ಪುಸ್ತಕಕ್ಕೆ ಹದಿನೈದು ದಿನ ಹಿಡಿಯುತ್ತಿತ್ತು. ಆಮೇಲೆ ಅದು ಸೆರಗಿನಡಿಯಲ್ಲಿ ಮನೆಯಿಂದ ಮನೆಗೆ ಹೋಗುತ್ತಿತ್ತು. ಆರು ಜನಕ್ಕೂ ಓದು ವಾಪಸು ಬಂದದ್ದು ಹೀಗೆ.

ಎಪ್ಪತ್ತನಾಲ್ಕರಲ್ಲಿ ಕೊಳ್ಳೇಗಾಲದಲ್ಲಿ ಚಿತ್ರಕತೆ ಓದುಗರ ಕೂಟ ಎಂದು ಒಂದು ನಡೆಯಿತು. ಯಾರಾದರೂ ಬರಬಹುದು, ತಮ್ಮ ಪುಸ್ತಕ ಕೊಟ್ಟು ಬೇರೆಯದು ಒಯ್ಯಬಹುದು ಎಂದು ಲಾರಿಯವನೊಬ್ಬ ಹೇಳಿದ. ಗುರುಬಸಮ್ಮ ಐದು ಪುಸ್ತಕಗಳನ್ನು ಒಗೆದ ಟವೆಲಿನಲ್ಲಿ ಸುತ್ತಿಕೊಂಡು, ಸುವರ್ಣಳನ್ನು ಕರೆದುಕೊಂಡು ಬಸ್ಸು ಹತ್ತಿದಳು.

ಕೂಟ ಇದ್ದದ್ದು ರೇಷ್ಮೆ ಗೂಡಿನ ವ್ಯಾಪಾರಿ ಚಿನ್ನಸ್ವಾಮಿಯ ಅಂಗಡಿಯ ಮೇಲಿನ ಹಾಲಿನಲ್ಲಿ. ಗೋಡೆಯಿಂದ ಗೋಡೆಗೆ ದಾರ ಕಟ್ಟಿ, ಬಟ್ಟೆ ಒಣಹಾಕಿದಂತೆ ಪುಸ್ತಕಗಳನ್ನು ನೇತುಹಾಕಿದ್ದರು. ಮೂವತ್ತು ಜನ ಇದ್ದರೇನೋ. ಯಳಂದೂರಿನ ಒಬ್ಬ ಮೇಷ್ಟ್ರು, ಹನೂರಿನ ಬಸ್ ಕಂಡಕ್ಟರು, ಆಫೀಸಿನ ಗುಮಾಸ್ತರು, ಕಾಲೇಜು ಹುಡುಗರು. ಹೆಂಗಸರೆಂದರೆ ಇವರಿಬ್ಬರೇ.

ಚಿನ್ನಸ್ವಾಮಿ ಟವೆಲು ಬಿಚ್ಚಿ ಒಂದು ಪುಸ್ತಕ ತೆಗೆದು ತಿರುವಿದ.

“ಇದೇನ್ರಮ್ಮ, ಪುಸ್ತಕಕ್ಕೆ ಹುಣ್ಣಾಗಿತ್ತಾ? ಇಷ್ಟೊಂದು ಪಟ್ಟಿ ಹಾಕಿದ್ದೀರಿ?”

ಸುತ್ತ ಇದ್ದವರು ನಕ್ಕರು. ಸುವರ್ಣಳ ಕಿವಿ ಕಾದವು. ಅತ್ತೆ ಮಾತ್ರ ಸೊಪ್ಪು ಕೊಯ್ಯುವಾಗಿನಷ್ಟೇ ನಿಧಾನವಾಗಿ, “ಹುಣ್ಣಲ್ಲ ಸಾ. ತಮಿಳು ಬರ್ದೇ ಇರೊ ಎಣ್ಮಕ್ಕ ಓದ್ಲಿ ಅಂತ,” ಎಂದಳು.

ಹನೂರಿನ ಕಂಡಕ್ಟರು ಪುಸ್ತಕವನ್ನು ಅವನ ಕೈಯಿಂದ ಇಸಿದುಕೊಂಡು, ದೊಡ್ಡ ಟೋಪಿಯ ಕುದುರೆ ಸವಾರನೊಬ್ಬ ಮತ್ತೊಬ್ಬ ಸವಾರನಿಗೆ ಹೇಳುವ ಮಾತನ್ನು, ಟಿಕೆಟ್ ಕೂಗುವ ದನಿಯಲ್ಲಿ ಓದಿದ. “ಯಾನ್ಲಾ, ನೀರಿಲ್ದಿರೊ ಊರ್ಗ ಕುದ್ರ ತಂದಿದ್ದೀಯಲ್ಲ, ಅದ್ಕ ನಿಮ್ಮಪ್ಪ ಬಂದು ಕುಡುಸ್ತಾನ?”

ಹಾಲಿಗೆ ಹಾಲೇ ನಕ್ಕಿತು. ಈ ನಗು ಬೇರೆ. ಜನ ಕಂಡಕ್ಟರನ ಸುತ್ತ ಸೇರಿ ಇನ್ನೊಂದು ಪುಟ, ಇನ್ನೊಂದು ಪುಟ ಎಂದು ಓದಿಸಿದರು. ಯಳಂದೂರಿನ ಮೇಷ್ಟ್ರು ಬಂದು ಇದನ್ನು ಬರೆದವರು ಯಾರು ಎಂದು ಕೇಳಿದಾಗ ಅತ್ತೆ ಸೆರಗು ಸರಿಮಾಡಿಕೊಂಡಳು. ಅವಳ ಮುಖದಲ್ಲಿ ಅಂಥ ಬೆಳಕನ್ನು ಸುವರ್ಣ ಅದಕ್ಕೆ ಮೊದಲು ಕಂಡಿರಲಿಲ್ಲ, ಆಮೇಲೂ ಕಾಣಲಿಲ್ಲ.

ಚಿನ್ನಸ್ವಾಮಿ ನಗಲಿಲ್ಲ. ಉಳಿದ ನಾಲ್ಕು ಪುಸ್ತಕಗಳಲ್ಲಿ ಒಂದರ ಚೀಟಿಯ ಮೂಲೆಯನ್ನು ಉಗುರಿನಿಂದ ಎತ್ತಿ ಕೆಳಗೆ ಇಣುಕಿದ. ರಟ್ಟು ತಿರುಗಿಸಿ ನೋಡಿದ. ಅದು ಎಲ್ಲೂ ಸಿಗದ ಹಳೆಯ ಪುಸ್ತಕವಿರಬೇಕು, ಅವನು ಉಗುಳು ನುಂಗಿದ್ದನ್ನು ಸುವರ್ಣ ನೋಡಿದಳು. ಬದಲಿ ಕೊಡುವ ಹೊತ್ತಿಗೆ ಮಾತ್ರ, ಕೆಟ್ಟಿರುವ ಪುಸ್ತಕಕ್ಕೆ ಸರಿಯಾಗಿರುವ ಪುಸ್ತಕ ಕೊಡುವುದು ನ್ಯಾಯವೇ ಎಂದು ಎಲ್ಲರೆದುರು ಕೇಳಿದ. ನಕ್ಕು ಓದಿಸಿಕೊಂಡವರಲ್ಲಿ ಒಬ್ಬನೂ ತುಟಿ ಎರಡು ಮಾಡಲಿಲ್ಲ. ಕಂಡಕ್ಟರಿಗೆ ಬಸ್ಸಿಗೆ ಹೊತ್ತಾಗಿತ್ತು. ಅತ್ತೆ ಐದನ್ನೂ ಮತ್ತೆ ಟವೆಲಿನಲ್ಲಿ ಸುತ್ತಿಕೊಂಡಳು.

ಆಮೇಲೆ ಚಿನ್ನಸ್ವಾಮಿ ಗೂಡು ನೋಡುವ ನೆಪದಲ್ಲಿ ಇವರ ಊರು ಕಾಮಗೆರೆಗೆ ಬಂದು ಮೂರು ಸಲ ಪುಸ್ತಕ ಕೇಳಿದ. ಮೂರನೇ ಸಲ ಅತ್ತೆ, ಓದಿ ಆದಮೇಲೆ ಬನ್ನಿ ಎಂದಳು. ಯಾವಾಗ ಆಗುತ್ತದೆ ಎಂದು ಅವನು ಕೇಳಿದ.

“ಈ ಊರ್ನಲ್ಲಿ ಎಣ್ಮಕ್ಕ ಉಟ್ಟೋದು ನಿಂತ್ಮ್ಯಾಲ,” ಎಂದಿದ್ದಳು.

❖

ಮಧ್ಯಾಹ್ನ, ಹೆಣ ಹೊರುವ ಬಿದಿರಿನ ವಿಮಾನ ಕಟ್ಟಿ ಮುಗಿಯುವ ಹೊತ್ತಿಗೆ ಚಿನ್ನಸ್ವಾಮಿ ಬಂದ. ಕೈಯಲ್ಲಿ ಮೊಳದುದ್ದದ ಸುಗಂಧರಾಜದ ಹಾರ, ಕಂಕುಳಲ್ಲಿ ಮಡಿಚಿದ ಗೋಣಿಚೀಲ. ಹಾರವನ್ನು ಗುರುಬಸಮ್ಮನ ಕೊರಳಿಗೆ ಹಾಕಿ ಕೈ ಮುಗಿದು, ಸುವರ್ಣಳ ಅಪ್ಪ ಪುಟ್ಟಬಸಪ್ಪನ ಪಕ್ಕ ಕೂತು ಮೆಲ್ಲಗೆ ಏನೋ ಕೇಳಿದ. ಅಪ್ಪ ತಲೆ ಆಡಿಸಿ, “ಮಣ್ಣಾಗ್ಲಿ ಸಾ, ಆಮ್ಯಾಲ,” ಎಂದ. ಗೋಣಿಚೀಲವನ್ನು ಸುವರ್ಣ ಆಗಲೇ ನೋಡಿದ್ದಳು. ಅವ್ವನ ಹತ್ತಿರ ಹೋಗಿ, ಅತ್ತೆಯ ಪುಸ್ತಕದ ಪೆಟ್ಟಿಗೆ ಕೊಡಬೇಡ ಎಂದು ಅಪ್ಪನಿಗೆ ಹೇಳು ಎಂದಳು. ಹೋದ ಬೆಳೆಯಲ್ಲಿ ಗೂಡು ಮೆದುವಾಗಿ ಯಾರೂ ಮುಟ್ಟದೆ ಇದ್ದಾಗ ಕೊಂಡವರು ಅವರೇ ಅಲ್ಲವಾ, ಈ ಬೆಳೆಗೂ ಅವರ ಬಾಗಿಲಿಗೇ ಹೋಗಬೇಕಲ್ಲವಾ ಎಂದು ಅವ್ವ ತಿರುಗಿ ಕೇಳಿದಳು. ಸತ್ತವರಿಗೆ ಪುಸ್ತಕ ಯಾಕೆ ಎಂದೂ ಸೇರಿಸಿದಳು.

ಸತ್ತವರಿಗೆ ಎಂದು ನಾನು ಹೇಳಿದೆನಾ ಎಂದುಕೊಂಡಳು ಸುವರ್ಣ.

ತೋಟದಲ್ಲಿ, ಒಳಗೋಡೆಗೆ ಗೂಡು ಕೊರೆದ ಗುಂಡಿಯೊಳಗೆ ಅತ್ತೆಯನ್ನು ಕೂರಿಸಿ, ಸುತ್ತ ವಿಭೂತಿ ಗಟ್ಟಿಗಳನ್ನು ಜೋಡಿಸಿದರು. ಎಲ್ಲರೂ ಪತ್ರೆ ಹಾಕಿದರು. ಚಿನ್ನಸ್ವಾಮಿಯೂ ಹಾಕಿದ. ಅಯ್ಯನೋರು ನಾಲ್ಕು ಒಳ್ಳೆಯ ಮಾತು ಹೇಳಬೇಕೆಂದು, ಈ ತಾಯಿ ಯಾವ ಕಾಯಕ ಮಾಡಿಕೊಂಡಿದ್ದರು ಎಂದು ಅಪ್ಪನನ್ನು ಕೇಳಿದರು.

“ಹುಳ ಸಾಕ್ತಿದ್ಲು ಬುದ್ಧಿ,” ಎಂದ ಅಪ್ಪ.

ಅಯ್ಯನೋರು ಹುಳ ಸಾಕುವ ಕಾಯಕದ ಮೇಲೆ ನಾಲ್ಕು ಮಾತು ಹೇಳಿದರು. ಚೆನ್ನಾಗಿಯೇ ಹೇಳಿದರು. ಅತ್ತೆಯಿಂದ ಓದು ಕಲಿತ ಐದು ಹುಡುಗಿಯರು ಬೇಲಿಯ ಹತ್ತಿರ, ತಮ್ಮ ತಮ್ಮ ಅವ್ವಂದಿರ ಹಿಂದೆ, ನೆಲ ನೋಡುತ್ತ ನಿಂತಿದ್ದರು. ಸುವರ್ಣಳಿಗೆ ಅಪ್ಪನ ಮೇಲೆ ಬಂದ ಸಿಟ್ಟು ಅವರ ಮೇಲೂ ಬಂತು. ಆಮೇಲೆ ತನ್ನ ಮೇಲೂ.

❖

ಮನೆಗೆ ಬಂದು ಕಾಲು ತೊಳೆದು ದೀಪ ನೋಡಿದ ಮೇಲೆ ಜನ ಕರಗಿದರು. ಜಗಲಿಯ ಮೇಲೆ ಅಪ್ಪ, ಸದಾಶಿವಪ್ಪ, ಚಿನ್ನಸ್ವಾಮಿ ಉಳಿದರು. ಐದು ಹುಡುಗಿಯರು ಅಂಗಳದ ತುದಿಯಲ್ಲಿ ಹೋಗಲೋ ಬೇಡವೋ ಎಂಬಂತೆ ನಿಂತಿದ್ದರು. ಅಪ್ಪ ಒಳಗಿನಿಂದ ತಗಡಿನ ಪೆಟ್ಟಿಗೆಯನ್ನು ತಂದಿಟ್ಟ.

ಚಿನ್ನಸ್ವಾಮಿ ಪುಸ್ತಕಗಳನ್ನು ಒಂದೊಂದಾಗಿ ಮೂಸಿ, ತಿರುವಿ, ಗೋಣಿಚೀಲದ ಮೇಲೆ ಜೋಡಿಸಿದ. ಬಿಸಿನೀರಿನಲ್ಲಿ ಬಟ್ಟೆ ಅದ್ದಿ ಒತ್ತಿದರೆ ಎಲ್ಲ ಬಿಟ್ಟುಬರುತ್ತದೆ, ಕೆಳಗಿನ ಅಚ್ಚಿಗೆ ಏನೂ ಆಗುವುದಿಲ್ಲ, ಈಗಲೇ ತೋರಿಸುತ್ತೇನೆ ನೋಡಿ ಎಂದ.

“ಒಂದ್ ಬೋಸಿಲಿ ಬಿಸ್ನೀರ್ ತಾವ್ವ,” ಎಂದ ಅಪ್ಪ ಸುವರ್ಣಳಿಗೆ.

ಮನೆಯಲ್ಲಿ ಬೇರೆ ಬಿಸಿನೀರು ಇರಲಿಲ್ಲ. ಅತ್ತೆಗೆ ಹೊಯ್ದು ಉಳಿದದ್ದು ಹಂಡೆಯಲ್ಲಿ ಇನ್ನೂ ಬೆಚ್ಚಗಿತ್ತು. ಸುವರ್ಣ ಅವ್ವನ ಮುಖ ನೋಡಿದಳು. ಅವ್ವ ಬೇರೆ ಕಡೆ ನೋಡಿದಳು. ಹುಟ್ಟಿದಾಗಿನಿಂದ ಹೇಳಿದ್ದನ್ನು ಮಾಡಿದ ಕೈಗಳು ಅದನ್ನೂ ಮಾಡಿದವು. ಬೋಸಿ ತಂದು ಚಿನ್ನಸ್ವಾಮಿಯ ಮುಂದಿಟ್ಟು, ಅದು ಯಾವ ನೀರು ಎಂಬುದನ್ನು ಹೇಳಿದಳು.

“ನೀರಿಗೇನಮ್ಮ, ನೀರು ನೀರೇ,” ಎಂದು ಅವನು ಬಟ್ಟೆ ಅದ್ದಿದ.

ಚೀಟಿ ಸಲೀಸಾಗಿ ಬಿಟ್ಟಿತು. ಅವನು ಅದನ್ನು ಎರಡು ಬೆರಳಲ್ಲಿ ಎತ್ತಿ ಅಂಗಳಕ್ಕೆ ಒಗೆದ. ಇನ್ನೊಂದು, ಮತ್ತೊಂದು. ಕುದುರೆ ಸವಾರರು, ಕಳ್ಳರು, ಗಡ್ಡದ ಮುದುಕ, ಒಬ್ಬೊಬ್ಬರ ಮಾತೂ ಒದ್ದೆಯಾಗಿ ಮಣ್ಣಿಗೆ ಬಿತ್ತು. ಮಸಿ ಇಳಿದು ಬೋಸಿಯ ನೀರು ನೀಲಿಯಾಯಿತು. ಹಿತ್ತಲ ಕೋಳಿಯೊಂದು ಓಡಿಬಂದು, ಮೈದಾದ ವಾಸನೆಗೆ, ಚೀಟಿಗಳನ್ನು ಕುಕ್ಕತೊಡಗಿತು.

“ಕೋಳಿಗೂ ಓದಕ್ ಬಂದ್ಬುಡ್ತು,” ಎಂದ ಸದಾಶಿವಪ್ಪ.

ಅಪ್ಪ ತುಸು ನಕ್ಕ. ಹುಡುಗಿಯರಲ್ಲಿ ಒಬ್ಬಳು ಸೆರಗು ಬಾಯಿಗೆ ಒತ್ತಿಕೊಂಡಳು, ಅದು ನಗುವಿಗಲ್ಲ.

ಚಿನ್ನಸ್ವಾಮಿ ಪೆಟ್ಟಿಗೆಯ ತಳದಿಂದ ಕೊನೆಯ ಪುಸ್ತಕ ತೆಗೆದ. ಮೊದಲ ಪುಟಗಳಲ್ಲಿ ಚೀಟಿ ಇತ್ತು. ಸಮುದ್ರದ ದಡದಲ್ಲಿ ಒಬ್ಬ ಹೆಂಗಸು ಹಡಗಿನವನ ಕಡೆ ಕೈಯೆತ್ತಿ ಕೂಗುತ್ತಿರುವ ಪುಟದಿಂದ ಮುಂದಕ್ಕೆ ಬರೀ ತಮಿಳು.

“ಇದು ಪರವಾಗಿಲ್ಲ,” ಎಂದ ಅವನು ಸಮಾಧಾನದಿಂದ. “ಪುಣ್ಯಕ್ಕೆ ಅರ್ಧ ಕೆಡದೆ ಉಳ್ಕಂಡಿದೆ.”

ಸುವರ್ಣ ತಾನು ಒರಗಿ ನಿಂತಿದ್ದ ಜಗಲಿಯ ಕಂಬ ಬಿಟ್ಟು ಬಂದು ಪುಸ್ತಕವನ್ನು ಅವನ ಕೈಯಿಂದ ತೆಗೆದುಕೊಂಡಳು. ಕಿತ್ತುಕೊಳ್ಳಲಿಲ್ಲ. ತನ್ನದನ್ನು ತಾನು ತೆಗೆದುಕೊಂಡ ಹಾಗೆ ತೆಗೆದುಕೊಂಡಳು. ಅಪ್ಪ ಅವಳ ಹೆಸರು ಹಿಡಿದು ಗದರಿದ. ಅವ್ವ ಬಾಗಿಲಿನಿಂದ ಒಳಗೆ ಬಾ ಎಂದು ಕರೆದಳು. ಅವಳು ಯಾರ ಕಡೆಯೂ ತಿರುಗಲಿಲ್ಲ. ಹೊರಗಿನ ಗಂಡಸಿನ ಮುಖವನ್ನು ನೇರ ನೋಡಿ ಅವಳು ಮಾತಾಡಿದ್ದು ಅದೇ ಮೊದಲು.

“ಮಿಕ್ಕವ ತಕಂಡ್ ಓಯ್ತಿದ್ದೀರಿ. ಓಗಿ. ಅವ್ರ್ ಬರ್ದಿದ್ ಕೆಡ್ಸೋಕ್ ಎಷ್ಟೊತ್ತಾಯ್ತು ನಾನೂ ನೋಡ್ದಿ. ನಿಮ್ಗ ತಮಿಳು ಬತ್ತದಲ್ಲ ಸಾ?”

ಚಿನ್ನಸ್ವಾಮಿ ಒದ್ದೆ ಬಟ್ಟೆ ಹಿಡಿದುಕೊಂಡೇ ಇದ್ದ. ಅವನ ಮೊಣಕೈವರೆಗೆ ನೀಲಿ ನೀರು ಇಳಿದಿತ್ತು. ಅಪ್ಪ ಅವನ ಮುಖ ನೋಡಿದ, ಅವನು ಅಪ್ಪನ ಮುಖ ನೋಡಿದ.

ಸುವರ್ಣ ಹಡಗಿನ ಪುಟ ಬಿಚ್ಚಿ ಅವನ ಕಣ್ಣಿನ ಮಟ್ಟಕ್ಕೆ ಹಿಡಿದಳು. ಹೆಂಗಸಿನ ತೆರೆದ ಬಾಯಿಯ ಮೇಲಿನ ಗುಳ್ಳೆಯನ್ನು ಬೆರಳಿಟ್ಟು ತೋರಿಸಿದಳು.

“ಇವ ಏನಂತಾವಳ ಓದಿ ಯೋಳಿ, ನಾನು ಬರ್ಕತೀನಿ,” ಎಂದಳು.