ದಾದಿಯ ಮೂಗಿನ ಸುಣ್ಣ

ಫರಹಾನಾ ಗಾಡಿ ಹೇಗೆ ಓಡಿಸುತ್ತಾಳೆಂದು ತಿಳಿಯಲು ಯಾವ ಪರೀಕ್ಷೆಯೂ ಬೇಕಿರಲಿಲ್ಲ. ಅವಳ ದಾದಿ, ಅಂದರೆ ಅಪ್ಪನ ತಾಯಿ, ರಂಜಾನಬಿಯ ಮೂಗು ಸಾಕಿತ್ತು. ಹಿಂದಿನ ಸೀಟಿನಲ್ಲಿ ಕೂತು ಎಲೆಗೆ ಸುಣ್ಣ ಸವರುವುದು ಮುದುಕಿಯ ಚಾಳಿ. ಮೊಮ್ಮಗಳು ಮೂರನೇ ಗೇರಿನಿಂದ ಎರಡಕ್ಕೆ ಇಳಿಸಿದಳೆಂದರೆ ಗಾಡಿ ಜಗ್ಗಿ, ಬೆರಳು ಹಾರಿ, ಸುಣ್ಣ ನೇರ ಮೂಗಿನ ತುದಿಗೆ.

"ಬದಾಮಿ ಮದವಿಗೆ ನಾ ಬಸ್ಸಿಗೇ ಹೋಗ್ತೇನಿ. ಬೀಗರ ಮುಂದ ಬಿಳಿ ಮೂಗು ಹೊತ್ಕೊಂಡು ಇಳೀಲೇನು?" ಎಂದುಬಿಟ್ಟಳು ರಂಜಾನಬಿ.

ಫರಹಾನಾ ಒಪ್ಪಲಿಲ್ಲ. ಇಳಕಲ್ಲಿನ ಬ್ಯಾಂಕಿನಲ್ಲಿ ದುಡಿದು ತಾನೇ ಕೊಂಡ ಕಾರು. ಅದರಲ್ಲಿ ದಾದಿಯನ್ನು ಕೂರಿಸಿಕೊಂಡು ನೆಂಟರೆದುರು ಇಳಿಯಬೇಕೆಂಬುದೊಂದೇ ಅವಳ ಆಸೆ.

ಮೊಬೈಲಿನಲ್ಲಿ ಉಪಾಯ ಸಿಕ್ಕಿತು, ರೇಸಿನವರ ವಿದ್ಯೆ. ಎಡಗಾಲಲ್ಲಿ ಕ್ಲಚ್ ಒತ್ತಬೇಕು. ಬಲಗಾಲಿನ ಮುಂಭಾಗದಲ್ಲಿ ಬ್ರೇಕ್ ಹಿಡಿದುಕೊಂಡೇ ಅದೇ ಕಾಲಿನ ಹಿಮ್ಮಡಿಯಿಂದ ಆಕ್ಸಿಲರೇಟರ್‌ಗೊಂದು ಗುದ್ದು ಕೊಡಬೇಕು. ಎಂಜಿನ್ನಿನ ವೇಗ ಏರಿ, ಕೆಳಗಿನ ಗೇರು ಜಗ್ಗದೆ ಕೂರುತ್ತದೆ. ಹೇಳುವುದು ಸಲೀಸು! ಹುನಗುಂದದ ರಸ್ತೆಯಲ್ಲಿ ಹದಿನೈದು ದಿನ ಒದ್ದಾಡಿದಳು. ಬೈಯಲು ಒಬ್ಬರಾದರೂ ಬೇಕೆಂದು ರಂಜಾನಬಿಯೂ ದಿನಾ ಹತ್ತುತ್ತಿದ್ದಳು.

ವಿಡಿಯೋದವನು ಬೂಟು ಹಾಕಿದ್ದ. ಇಲ್ಲಿ ಅಪ್ಪ ರಾಜಮಹ್ಮದನ ಕಟ್ಟಪ್ಪಣೆ: ಗಾಡಿಯೂ ಮನೆಯಿದ್ದಂತೆ, ಚಪ್ಪಲಿ ಹೊರಗೆ ಬಿಟ್ಟೇ ಹತ್ತಬೇಕು. ಫರಹಾನಾಳ ಗೇಣುದ್ದದ ಬರಿಗಾಲಿಗೆ ಬ್ರೇಕ್ ಸಿಕ್ಕರೆ ಆಕ್ಸಿಲರೇಟರ್ ಸಿಗದು. ಹಿಮ್ಮಡಿ ಗಾಳಿಯಲ್ಲಿ ತಕಪಕ ಕುಣಿಯಿತು. ಮೊಣಕೈ ಹಾರ್ನಿಗೆ ಬಡಿದು ಎಮ್ಮೆಗಳು ದಿಕ್ಕಾಪಾಲಾದವು.

ಕೊನೆಗೆ ರಂಜಾನಬಿಗೆ ತಡೆಯಲಾಗಲಿಲ್ಲ. ಮೂಗು ಒರೆಸಿಕೊಂಡು ಮುಂದಕ್ಕೆ ಬಗ್ಗಿದಳು.

"ಹಿಮ್ಮಡಿ ಯಾಕ ಹುಡುಕ್ತೀ ಬೇಟಿ? ಪಾದದ ಅಂಚು ಸಾಕು, ವಾಲಿಸು. ನಲವತ್ತು ವರ್ಷ ಮಗ್ಗದ ಕುಣಿಯೊಳಗ ಕಾಲು ಬಿಟ್ಟು ಕುಂತಾಕಿ ನಾ. ಕಾಲು ನೋಡಿ ತುಳಿದರ ಸೀರಿ ಆಗ್ತಿತ್ತೇನು? ಸಪ್ಪಳ ಕೇಳಿ ತುಳಿ."

ಫರಹಾನಾ ಕಣ್ಣನ್ನು ರಸ್ತೆಗೆ, ಕಿವಿಯನ್ನು ಎಂಜಿನ್ನಿಗೆ ಕೊಟ್ಟಳು. ಬ್ರೇಕಿನ ಮೇಲಿದ್ದ ಪಾದ ಬಲಕ್ಕೆ ವಾಲಿತು. ಎಂಜಿನ್ ಗುರ್ರೆಂದಿತು. ಗೇರು ಸದ್ದಿಲ್ಲದೆ ಕೂತಿತು. ಹಿಂದಿನಿಂದ ಎಲೆ ಅಗಿಯುವ ಸದ್ದು ಕೇಳಿಸಿತು.

"ದಾದೀ, ಮೂಗು?"

"ಸ್ವಚ್ಛ ಐತಿ. ಬಸ್ಸು ಬ್ಯಾಡ."

ಮದುವೆಯ ದಿನ ಬದಾಮಿ ಮುಟ್ಟುವಷ್ಟರಲ್ಲಿ ರಂಜಾನಬಿ ಹನ್ನೊಂದು ಎಲೆ ಮಡಿಚಿದ್ದಳು. ಒಂದು ಚುಕ್ಕೆ ಸುಣ್ಣವೂ ದಾರಿ ತಪ್ಪಿರಲಿಲ್ಲ. ಶಾದಿಮಹಲಿನ ಮುಂದೆ ಫರಹಾನಾ ಎರಡಕ್ಕಿಳಿಸಿದ ಚೆಂದಕ್ಕೆ ಮುದುಕಿಯ ಕಣ್ಣೇ ತುಂಬಿಬಂತು. ಮೊಮ್ಮಗಳು ಜರಿಯ ದುಪಟ್ಟಾ ಸರಿಮಾಡಿಕೊಂಡು, ಬಾಗಿಲು ತೆಗೆದು, ಠೀವಿಯಿಂದ ಕಾಲು ಕೆಳಗಿಟ್ಟವಳು "ಯವ್ವಾ!" ಎಂದು ಮೇಲೆಳೆದುಕೊಂಡಳು. ನೆಲ ಕಾದ ಹಂಚಾಗಿತ್ತು.

ಇಷ್ಟು ದಿನ ಹೊರಟಲ್ಲಿಗೇ ತಿರುಗಿ ಬರುತ್ತಿದ್ದುದರಿಂದ ಚಪ್ಪಲಿಯ ಚಿಂತೆಯೇ ಇರಲಿಲ್ಲ. ಈಗ ಅವು ಇಳಕಲ್ಲಿನ ಮನೆಯ ಮುಂದೆ, ಗಾಡಿ ಹತ್ತಿದ ಜಾಗದಲ್ಲೇ ಉಳಿದಿದ್ದವು.

"ದಾದೀ, ನಿನ್ನವು?"

"ನಿನ್ನವುಗಳ ಬಾಜೂಕೇ ಅದಾವು."

ಇಬ್ಬರೂ ಕುಣಿಯುತ್ತಲೇ ನೆರಳಿಗೆ ಓಡಿದರು. ಬಾಗಿಲಲ್ಲಿದ್ದ ಬೀಗಿತ್ತಿ ಹಜರತಬಿ ಬರಿಗಾಲುಗಳನ್ನು ನೋಡಿ ಗಲ್ಲಕ್ಕೆ ಕೈ ಹಚ್ಚಿದಳು.

"ಅಯ್ಯ, ಇಳಕಲ್‌ನಿಂದ ನಡ್ಕೋತ ಬಂದ್ರೇನ್ರಿ?"

"ಮೊಮ್ಮಗಳ ಗಾಡಿಯಾಗ ಬಂದೇನಿ," ಎಂದು ರಂಜಾನಬಿ ಮುಖ ಮುಂದೆ ಚಾಚಿದಳು. "ಕಾಲೇನ್ ನೋಡ್ತೀರಿ, ಮೂಗು ನೋಡ್ರಿ!"